ಒರೆಯೊಳಗಿನ ಖಡ್ಗ



ಹಳೆಯ ಕಾಲದ ಕುದುರೆ ಸವಾರರ ಕತ್ತಿಗಳನ್ನು ಸಂಗ್ರಹಿಸುವವರು ಒಂದು ಬಗೆಯ ಕತ್ತಿಯನ್ನು ಬಹಳ ಆಸೆಯಿಂದ ಹುಡುಕುತ್ತಾರೆ. ಅದರ ಹಿಡಿ ನಮ್ಮ ನಾಡಿನ ತಲವಾರಿನದು, ಅಲಗು ಮಾತ್ರ ಇಂಗ್ಲೆಂಡಿನದು. ಈ ಜೋಡಣೆಯ ಹಿಂದೆ ಒಂದು ಚರಿತ್ರೆಯಿದೆ.

1796ರಲ್ಲಿ ಬ್ರಿಟಿಷರು ತಮ್ಮ ಹಗುರ ಅಶ್ವದಳಕ್ಕೆ ಬಾಗಿದ ಕತ್ತಿಯೊಂದನ್ನು ಗೊತ್ತುಮಾಡಿದರು. 1821ರಲ್ಲಿ ಹೊಸ ಮಾದರಿ ಬಂತು, ಹಳೆಯದು ಮೂಲೆ ಸೇರಿತು. ಅವರು ಬೇಡವೆಂದು ಬಿಟ್ಟ ಇಂಥ ಅಲಗುಗಳು ಹೈದರಾಬಾದಿನ ನಿಜಾಮರ ಸವಾರರ ಕೈಗೂ ಬಂದವು. ನಮ್ಮ ಬೀದರ್, ಕಲಬುರಗಿ ಆಗ ಆ ರಾಜ್ಯಕ್ಕೇ ಸೇರಿದ್ದವು.

15ನೇ ಹುಸಾರ್ ದಳದ ಅಧಿಕಾರಿ ಕ್ಯಾಪ್ಟನ್ ನೋಲನ್ ಆಗ ಭಾರತದಲ್ಲಿದ್ದ. ನಿಜಾಮರ ಸವಾರರು ಒಂದು ಕಾಳಗದಲ್ಲಿ ತಮಗಿಂತ ದೊಡ್ಡ ಪಡೆಯನ್ನು ಸೋಲಿಸಿದರು. ಗಾಯಾಳುಗಳ ಕುರಿತ ವೈದ್ಯರ ವರದಿ ಓದಿ ಆತ ಬೆರಗಾದ. ಇಷ್ಟು ಹರಿತವಾದ ಕತ್ತಿ ಯಾವುದಿರಬಹುದೆಂದು ವಿಚಾರಿಸಿದರೆ, ಅವು ತನ್ನವರೇ ಬಿಸಾಡಿದ ಅಲಗುಗಳು! 1853ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಇದರ ಕಾರಣವನ್ನೂ ಬರೆದಿದ್ದಾನೆ. ಬ್ರಿಟಿಷರ ಒರೆ ಕಬ್ಬಿಣದ್ದು. ಕವಾಯತಿನಲ್ಲಿ ಎಳೆದು ತುರುಕಿದಂತೆಲ್ಲ ಕತ್ತಿಯ ಬಾಯಿ ಮೊಂಡಾಗುತ್ತಿತ್ತು. ನಮ್ಮ ಸವಾರರ ಒರೆ ಮರದ್ದು. ಅವರು ಅಲಗನ್ನು ಕ್ಷೌರದ ಕತ್ತಿಯಂತೆ ಮಸೆದಿಡುತ್ತಿದ್ದರು, ಯುದ್ಧದಲ್ಲಲ್ಲದೆ ಹೊರಗೆ ತೆಗೆಯುತ್ತಿರಲಿಲ್ಲ.

ಅಲಗು ಒಂದೇ. ಅದನ್ನು ಹರಿತವಾಗಿ ಉಳಿಸಿದ್ದು ಸಂಯಮ.

ನಮ್ಮ ಯುವಕರು ಇದನ್ನು ಯೋಚಿಸಬೇಕು. ಮೆರವಣಿಗೆಯಲ್ಲಿ ಕತ್ತಿ ಝಳಪಿಸಿ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವುದನ್ನು ಕೆಲವರು ಶೌರ್ಯವೆಂದು ತಿಳಿದಿದ್ದಾರೆ. ಯಾವ ಪೂರ್ವಿಕರ ಹೆಸರಿನಲ್ಲಿ ಹಾಗೆ ಮಾಡುತ್ತಾರೋ, ಅವರೇ ಕತ್ತಿಯನ್ನು ಪ್ರದರ್ಶನಕ್ಕೆ ಎಳೆದವರಲ್ಲ. ಒಂದು ನಿಮಿಷದ ಆ ಚಿತ್ರದಿಂದ ಮೊಕದ್ದಮೆ ಬಿದ್ದರೆ ಠಾಣೆಯ ಮುಂದೆ ಕೂರುವವಳು ತಾಯಿ.

ಒರೆಯಿಂದ ಹೊರತೆಗೆದ ಖಡ್ಗವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದನ್ನೂ ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದ್ದಾರೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ತನ್ನ ಸಹೋದರನತ್ತ ಆಯುಧ ತೋರಿಸುವವನನ್ನು ಮಲಕ್‌ಗಳು ಶಪಿಸುತ್ತಾರೆಂದು ಇನ್ನೊಂದು ಹದೀಸ್ ಎಚ್ಚರಿಸುತ್ತದೆ. ತಮಾಷೆಗೂ ಇಲ್ಲಿ ವಿನಾಯಿತಿಯಿಲ್ಲ.

ಹಾಗಾದರೆ ಅಜ್ಜನ ಕಾಲದ ಕತ್ತಿ ಮನೆಯಲ್ಲಿದ್ದರೆ? ಅದು ಅಮಾನತ್. ಹೊಳಪು ಬರಲೆಂದು ಸಾಣೆಗೆ ಕೊಡಬೇಡಿ, ಮರಳು ಕಾಗದದಿಂದ ಉಜ್ಜಬೇಡಿ. ಕೆಲವು ಅಲಗುಗಳ ಬೆನ್ನಿನ ಮೇಲೆ ತಯಾರಕರ ಹೆಸರು ಕೆತ್ತಿರುತ್ತದೆ. ಅದು ಸವೆದರೆ ಕತ್ತಿಯ ಚರಿತ್ರೆಯೇ ಅಳಿಯಿತು. ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದಂತೆ ಇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ, ಅವನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವಂತಿಲ್ಲ. ಮಾರುವ ಮುನ್ನ, ಇಟ್ಟುಕೊಳ್ಳುವ ಮುನ್ನ ಕಾನೂನು ಬಲ್ಲವರನ್ನು ಕೇಳಿ.

ನಾಲಿಗೆಯೂ ಒಂದು ಖಡ್ಗವೇ. ಅದಕ್ಕೂ ಒರೆ ಬೇಕು. ಎರಡನ್ನೂ ಹದ್ದಿನಲ್ಲಿಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.