ಎಳೆಯುವವರಿಲ್ಲದೆ ಸುಟ್ಟುಹೋದ ಗಂಗೊಳ್ಳಿಯ ಬೋಟುಗಳು

2023ರ ನವೆಂಬರ್ 13, ಸೋಮವಾರ. ದೀಪಾವಳಿ. ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ದಡದಲ್ಲಿ ನಿಲ್ಲಿಸಿದ್ದ ಮೀನುಗಾರಿಕೆ ಬೋಟಿಗೆ ಬೆಂಕಿ ಹತ್ತಿತು. ಅದರಿಂದ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಕೊನೆಗೆ ಏಳೆಂಟು ಬೋಟುಗಳು ಸುಟ್ಟವು. ನಷ್ಟವನ್ನು ಕೋಟಿಗಳಲ್ಲಿ ಹೇಳಿದರು. ಪಟಾಕಿ ಕಿಡಿ ಇರಬೇಕು ಎಂಬ ಮಾತು ಅಂದೇ ಓಡಾಡಿತು. ಯಾರ ಜೀವವೂ ಹೋಗಲಿಲ್ಲ. ಹಾಗಾಗಿ ಸುದ್ದಿ ಬೇಗ ತಣ್ಣಗಾಯಿತು.

ಪಟಾಕಿಯೋ ಬೀಡಿಯೋ ಅನ್ನೋದು ನನಗೆ ಅಷ್ಟು ಮುಖ್ಯ ಅಲ್ಲ. ಮೊದಲ ಬೋಟು ಹೊತ್ತಿಕೊಂಡದ್ದು ಆಕಸ್ಮಿಕ ಅನ್ನೋಣ. ಎರಡನೆಯದು, ಮೂರನೆಯದು, ಏಳನೆಯದು ಯಾಕೆ ಸುಟ್ಟವು?

ಅದಕ್ಕೆ ಮೊದಲು ಈ ಬೋಟು ಎಂಥದ್ದು ಅಂತ ಗೊತ್ತಿರಬೇಕು. ಕರಾವಳಿಯಲ್ಲಿ ಬೋಟಿಗೆ ಹಳೆಯ ಕಾಲದಿಂದ ಹೆಸರಾದ ಮರ ಹೆಬ್ಬಲಸು, ತುಳುವಿನಲ್ಲಿ ಪೆಜ. ಕಾರ್ಕಳ, ಹೆಬ್ರಿ ಕಡೆಯ ಘಟ್ಟದ ಬುಡದಲ್ಲಿ ಬೆಳೆಯುವ ಮರ. ನೀರಿಗೆ ಬೇಗ ಬಗ್ಗದು. ಆದರೆ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುಗಳಿವೆ, ಹಲಗೆಯನ್ನು ಒಳಗಿನಿಂದಲೇ ಜರಡಿ ಮಾಡಿಬಿಡುತ್ತವೆ. ಅದಕ್ಕೆ ಹಲಗೆಯ ಸಂದಿಗೆ ಹತ್ತಿಯ ನೂಲು ತುಂಬಿ ರಾಳ ಮೆತ್ತುತ್ತಿದ್ದರು, ಮೈಗೆ ಬೂತಾಯಿಯ ಎಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯನ್ನೂ ಬಳಿಯುತ್ತಾರೆ. ಗೇರುಬೀಜದ ಕಾರ್ಖಾನೆಗಳಿಗೆ ಹೆಸರಾದ ಕಾರ್ಕಳದವರಿಗೆ ಅದರ ವಾಸನೆ ಹೇಳಿಕೊಡಬೇಕಾಗಿಲ್ಲ. ಇತ್ತೀಚಿನ ದಶಕಗಳಲ್ಲಿ ಮರದ ಮೇಲೆ ಫೈಬರ್ ಹೊದಿಕೆ ಬಂತು.

ಈಗ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ರಾಳ, ಮೀನೆಣ್ಣೆ, ಗೇರೆಣ್ಣೆ, ಫೈಬರ್ ರೆಸಿನ್. ನೀರಿನಿಂದ ಮರವನ್ನು ಕಾಪಾಡುವ ಒಂದೊಂದೂ ಬೆಂಕಿಗೆ ಒಳ್ಳೆಯ ಆಹಾರ. ಮೇಲೆ ನೈಲಾನ್ ಬಲೆ, ಐಸ್ ಕೋಣೆಗೆ ಥರ್ಮೋಕೋಲ್, ಟ್ಯಾಂಕಿನಲ್ಲಿ ಡೀಸೆಲ್, ಅಡುಗೆಗೆ ಗ್ಯಾಸ್ ಸಿಲಿಂಡರ್. ನಾನು ಎಂಜಿನಿಯರಿಂಗ್ ಓದುತ್ತಿದ್ದಾಗ ಮಣಿಪಾಲದಿಂದ ಮಲ್ಪೆಗೆ ಹೋಗುತ್ತಿದ್ದದ್ದು ಮೀನು ತಿನ್ನೋಕೆ ಮಾತ್ರ. ದಹನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಲ್ಯಾಬ್ ಇರಲಿಲ್ಲ ಅಂತ ಆಮೇಲೆ ಹೊಳೆಯಿತು.

ಬೋಟು ದೊಡ್ಡದಾದದ್ದಕ್ಕೂ ಒಂದು ಚರಿತ್ರೆ ಇದೆ. ಇಡೀ ಕೇರಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯನ್ನು 1970ರ ದಶಕದ ಮಧ್ಯದಲ್ಲಿ ಬಂದ ಪರ್ಸೀನ್ ಮೂಲೆಗೆ ತಳ್ಳಿತು. ಬೂತಾಯಿ, ಬಂಗುಡೆಯ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಬಲೆ ಅದು. ಅದಕ್ಕೆ ಎಂಜಿನ್ ಬೇಕು, ಇಪ್ಪತ್ತೈದು ಮೂವತ್ತು ಜನ ಬೇಕು, ಸಾಲ ಬೇಕು. ಬೋಟುಗಳ ಸಂಖ್ಯೆಯೂ ಉದ್ದವೂ ಏರಿತು, ದಡ ಮಾತ್ರ ಇದ್ದಷ್ಟೇ ಇತ್ತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಮಲ್ಪೆಗೆ ಹೋಗಿ ನೋಡಿ. ಬೋಟಿನಿಂದ ಬೋಟಿಗೆ ದಾಟುತ್ತಾ ಕಾಲು ಒದ್ದೆಯಾಗದೆ ನೀರಿನ ಮೇಲೆ ಬಹುದೂರ ನಡೆಯಬಹುದು. ನಾವು ನಡೆಯಬಹುದಾದಲ್ಲಿ ಬೆಂಕಿಯೂ ನಡೆಯುತ್ತದೆ.

ಗಂಗೊಳ್ಳಿಯದ್ದು ಇನ್ನೂ ಒಂದು ತೊಡಕು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆ ಸೇರಿ ಪಂಚಗಂಗಾವಳಿಯಾಗಿ ಸಮುದ್ರ ಸೇರುವ ಅಳಿವೆ ಅದು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರೇ ಇದೆ. ಅಗ್ನಿಶಾಮಕ ಠಾಣೆ ಇರುವುದು ಕುಂದಾಪುರದಲ್ಲಿ. ಹೊಳೆಗೆ ಅಡ್ಡಲಾಗಿ ಸೇತುವೆ ಬೇಕು ಎಂಬ ಬೇಡಿಕೆ ಹಳೆಯದು. ಅದಿಲ್ಲದೆ ಗಾಡಿ ಹೆದ್ದಾರಿ ಹಿಡಿದು ಹೆಮ್ಮಾಡಿ, ತ್ರಾಸಿ ಸುತ್ತಿ ಬರಬೇಕು. ಹೊಗೆ ಕಾಣುತ್ತದೆ ಮಾರಾಯ್ರೆ, ಹೋಗಿ ಮುಟ್ಟಲಿಕ್ಕೆ ಆಗುವುದಿಲ್ಲ.

ಮುಟ್ಟಿದರೂ ಏನು? ದಡದಿಂದ ನೀರು ಹಾರಿಸಿದರೆ ಮೊದಲ ಸಾಲಿಗೆ ಬೀಳುತ್ತದೆ. ಬೋಟಿನ ಬೆಂಕಿಯಲ್ಲಿ ಆರಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಬಿಡಿಸುವುದು. ಹೊತ್ತಿದ್ದನ್ನು ಹೊರಗೆಳೆಯಬೇಕು, ಇಲ್ಲವೇ ಹೊತ್ತದ್ದನ್ನು ದೂರ ಒಯ್ಯಬೇಕು. ಹಬ್ಬದ ದಿನ ತಾಂಡೇಲನೂ ಇಲ್ಲ, ಕಲಾಸಿಗಳೂ ಇಲ್ಲ. ಇಳಿತ ಇದ್ದರೆ ಬೋಟು ಕೆಸರಿಗೆ ಕೂತಿರುತ್ತದೆ, ದುರಸ್ತಿಗೆ ಮೇಲೆಳೆದಿದ್ದರಂತೂ ಕದಲುವುದೇ ಇಲ್ಲ.

ಇದು ನನ್ನ ಊಹೆ ಅಲ್ಲ. ಗಂಗೊಳ್ಳಿ ಸುಟ್ಟು ಆರೇ ದಿನಕ್ಕೆ, ನವೆಂಬರ್ 19ರ ರಾತ್ರಿ, ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ಸುಮಾರು 40 ಬೋಟು ಸುಟ್ಟವು. ಅಲ್ಲಿ ಉರಿಯುತ್ತಿದ್ದ ಬೋಟನ್ನು ನೀರಿಗೆ ತೇಲಿಬಿಟ್ಟಿದ್ದರು. ಗಾಳಿ ಮತ್ತು ನೀರಿನ ಸೆಳೆತ ಅದನ್ನು ತಿರುಗಿಸಿ ಜೆಟ್ಟಿಗೇ ತಂದು ನಿಲ್ಲಿಸಿತು ಎಂದು ಪೊಲೀಸರೇ ಹೇಳಿದರು. ಹಗ್ಗ ಕತ್ತರಿಸಿದರೆ ಸಾಲದು, ಹಗ್ಗದ ಆ ತುದಿಯಲ್ಲಿ ಎಳೆಯುವವರು ಬೇಕು.

ಎಳೆಯುವುದಕ್ಕೆಂದೇ ಇರುವ ಹಡಗಿಗೆ ಟಗ್ ಅನ್ನುತ್ತಾರೆ. ಗಾತ್ರ ಚಿಕ್ಕದು, ಎಂಜಿನ್ ದೊಡ್ಡದು. ದೊಡ್ಡ ಬಂದರಿನ ಟಗ್‌ಗಳಲ್ಲಿ ಸಾಮಾನ್ಯವಾಗಿ ಸಮುದ್ರದ ನೀರನ್ನೇ ಎತ್ತಿ ಬೆಂಕಿಗೆ ಚಿಮ್ಮಿಸುವ ಪಂಪೂ ಇರುತ್ತದೆ. ನಮ್ಮ ಜನ ಟಗ್ ಅನ್ನುವ ಪದ ಕೇಳಿದ್ದು ಹೆಚ್ಚಾಗಿ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ. ಆಗ ಕೋರಮಂಡಲ್ ಸಪೋರ್ಟರ್ 9 ಕಾಪು ಕಡಲಿನ ಬಂಡೆಗೆ ಸಿಕ್ಕಿಕೊಂಡಿತು, ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆ ಕಾಪಾಡಿದವು. ಅಲಯನ್ಸ್ ಎಂಬ ಇನ್ನೊಂದು ಟಗ್ ಮಗುಚಿ ಪಡುಬಿದ್ರಿ ತೀರಕ್ಕೆ ಬಂತು. ಅದರಲ್ಲಿದ್ದ ಎಲ್ಲರೂ ಬದುಕಲಿಲ್ಲ.

ಆದರೆ ಉಡುಪಿ ಜಿಲ್ಲೆ ಟಗ್ ನೋಡುವ ಊರಷ್ಟೇ ಅಲ್ಲ, ಟಗ್ ಕಟ್ಟುವ ಊರು. ಮಲ್ಪೆಯ ಟೆಬ್ಮಾ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 62 ಟನ್ ಎಳೆತ ಶಕ್ತಿಯ ಟಗ್‌ಗಳು ಅಲ್ಲಿಂದ ನೀರಿಗಿಳಿದಿವೆ, ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟುವ ಆರ್ಡರ್ ಬಂದಿದೆ. ಹೆಮ್ಮೆಯ ವಿಷಯವೇ. ಅಳಿವೆಗೆ 62 ಟನ್ನಿನದು ಬೇಡ, ಅದು ಅಲ್ಲಿ ತೇಲುವುದೂ ಇಲ್ಲ. ಕಡಿಮೆ ಆಳದಲ್ಲಿ ಓಡುವ, ಒಂದು ಪಂಪು, ಒಂದು ಗಟ್ಟಿ ಕೊಕ್ಕೆ ಇರುವ ಲಾಂಚ್ ಸಾಕು. ಜಿಲ್ಲೆಯ ಮೀನುಗಾರಿಕೆ ಬಂದರುಗಳಲ್ಲಿ ನಾನು ಅಂಥದ್ದೊಂದನ್ನು ಈವರೆಗೆ ನೋಡಿಲ್ಲ.

ಇನ್ನು ದುಡ್ಡಿನ ವಿಷಯ. 2022-26ರ ಅವಧಿಯ ವಿಪತ್ತು ಪರಿಹಾರ ನಿಧಿಯ ಕೇಂದ್ರ ನಿಯಮದಲ್ಲಿ ಬೆಂಕಿಯೂ ವಿಪತ್ತೇ. ಪೂರ್ತಿ ಹಾಳಾದ ದೋಣಿಗೆ 15,000 ರೂಪಾಯಿ, ಬಲೆಗೆ 4,000. ಅದು ಸಣ್ಣ ನಾಡದೋಣಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೋಟಿನವರಿಗೆ ಉಳಿಯುವುದು ವಿಮೆ, ಅಥವಾ ಸರ್ಕಾರದ ದಯೆ. ವಿಶಾಖಪಟ್ಟಣದಲ್ಲಿ ಆಂಧ್ರ ಸರ್ಕಾರ ಬೋಟಿನ ಬೆಲೆಯ ಶೇ. 80 ಕೊಡುತ್ತೇವೆ ಎಂದಿತು. ಒಳ್ಳೆಯ ನಿರ್ಧಾರ. ಆದರೆ ಬೂದಿಯಾದ ಮರದ ಬೋಟಿನ ಬೆಲೆ ಎಷ್ಟು? ಕಟ್ಟಿದ ವರ್ಷ, ಎಷ್ಟು ಸಲ ಹಲಗೆ ಬದಲಿಸಿದರು, ಎಂಜಿನ್ ಯಾವಾಗ ಹಾಕಿದರು ಅನ್ನುವುದಕ್ಕೆ ದಾಖಲೆ ಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ಆರ್ಥರ್ ಫಾಸ್ ಎಂಬ ಮರದ ಟಗ್ ಇದೆ, 1889ರಲ್ಲಿ ಕೊಲಂಬಿಯಾ ನದಿಯ ಅಳಿವೆಯಲ್ಲಿ ಹಡಗು ಎಳೆಯಲು ಕಟ್ಟಿದ್ದು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ ಹೊಸ ಎಂಜಿನ್ ಹಾಕಿಸಿಕೊಂಡಿತು ಎಲ್ಲ ಬರೆದಿಟ್ಟಿದ್ದಾರೆ. ನಮ್ಮ ಬೋಟಿಗೂ ಐಎನ್‌ಡಿ-ಕೆಎ ಎಂದು ಶುರುವಾಗುವ ಒಂದು ನೋಂದಣಿ ಸಂಖ್ಯೆ ಇದೆ. ಉಳಿದದ್ದು ಕಟ್ಟಿದ ಮೇಸ್ತ್ರಿಯ ನೆನಪಿನಲ್ಲಿ.

ಕಲಾಸಿಗಳಿಗೆ ಆ ಸಂಖ್ಯೆಯೂ ಇಲ್ಲ. ಬೋಟಿನಲ್ಲಿ ದುಡಿಯುವವರ ಆದಾಯ ಪಾಲಿನ ಲೆಕ್ಕದ್ದು, ಸಂಬಳದ್ದಲ್ಲ. ಸೀಸನ್ ನಡುವೆ ಒಂದು ಪರ್ಸೀನ್ ಬೋಟು ಸುಟ್ಟರೆ ಇಪ್ಪತ್ತೈದು ಮನೆಯ ದುಡಿಮೆ ನಿಲ್ಲುತ್ತದೆ. ಮೇಲೆ ಹೇಳಿದ ನಿಯಮದಲ್ಲಿ ದೋಣಿಗೊಂದು ಸಾಲಿದೆ, ಬಲೆಗೊಂದು ಸಾಲಿದೆ. ಪಾಲಿಗೆ ದುಡಿಯುವವನ ಕಳೆದುಹೋದ ಸೀಸನ್ನಿಗೆ ಇಲ್ಲ.