ತುಮಕೂರು ರಸ್ತೆಯ ಕಂಪ್ಯೂಟರ್ ಸೈನ್ಸ್: ಬಿ.ಇ. ವಿಭಾಗಗಳು ಬೆಳೆದ ಬಗೆ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಗೆ ಬೆಂಗಳೂರು ಸುಮಾರು 50 ಕಿ.ಮೀ. ದೂರ. ತುಮಕೂರು ಅದರ ಅರ್ಧದಷ್ಟೂ ಇಲ್ಲ. ಶಿವಗಂಗೆ ಬೆಟ್ಟಕ್ಕೆ ಹೋಗುವವರು ಬಸ್ಸಿಳಿಯುವ ಈ ಊರಿಗೆ 19ನೇ ಶತಮಾನದ ಅಧಿಕಾರಿ, ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ರಿಚರ್ಡ್ ಸ್ಟೂವರ್ಟ್ ಡಾಬ್ಸ್‌ನ ಹೆಸರು ಅಂಟಿಕೊಂಡಿದೆ. ಇಲ್ಲಿ ಪಿಯುಸಿ ಮುಗಿಸಿ ಸಿಇಟಿ ಬರೆದವರು ಆಪ್ಷನ್ ಎಂಟ್ರಿಗೆ ಕೂತರೆ ಕಣ್ಣು ಎರಡು ಕಡೆ ಹರಿಯುತ್ತದೆ. ಒಂದು ಕಡೆ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, ಇನ್ನೊಂದು ಕಡೆ ಯಶವಂತಪುರ ದಾಟಿದರೆ ಸಿಗುವ ಎಂ.ಎಸ್. ರಾಮಯ್ಯ ಮತ್ತು ಬೆಂಗಳೂರಿನ ಉಳಿದ ಕಾಲೇಜುಗಳು. ಯಾವ ಕಡೆ ಹೊರಟರೂ ಮೊದಲು ಕೇಳುವ ಬ್ರಾಂಚ್ ಒಂದೇ, ಕಂಪ್ಯೂಟರ್ ಸೈನ್ಸ್.

ಈ ವಿಭಾಗಗಳು ಹುಟ್ಟಿದ ಕ್ರಮವನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕರ್ನಾಟಕದಲ್ಲಿ ಕಂಪ್ಯೂಟರ್ ಸಂಶೋಧನೆಯೂ ಕಂಪ್ಯೂಟರ್ ಬಿ.ಇ.ಯೂ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದವು. ಅವೆರಡರ ನಡುವೆ ಮೇಷ್ಟ್ರುಗಳನ್ನು ತಯಾರು ಮಾಡಬೇಕಿದ್ದ ಕೊಂಡಿ ಮೊದಲಿನಿಂದಲೂ ತೆಳುವಾಗಿಯೇ ಉಳಿಯಿತು. ಇವತ್ತಿನ ಎಚ್‌ಒಡಿಗಳ ಅರ್ಧ ತಲೆಬಿಸಿ ಅಲ್ಲಿಂದಲೇ ಶುರುವಾಗುತ್ತದೆ.

ಸಂಶೋಧನೆಯ ಮನೆ ಭಾರತೀಯ ವಿಜ್ಞಾನ ಸಂಸ್ಥೆ. 1954-55ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂದಿದ್ದ ಪ್ರಾಧ್ಯಾಪಕ ವಿನ್ಸೆಂಟ್ ರೈಡೌಟ್ ಅವರ ಮಾರ್ಗದರ್ಶನದಲ್ಲಿ ಅಲ್ಲಿ ‘ಪ್ರೆಡಾ’ ಎಂಬ ಅನಲಾಗ್ ಗಣಕ ಸಿದ್ಧವಾಯಿತು. ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ವಿ. ರಾಜಾರಾಮನ್ ಮುಂದೆ ಭಾರತದ ಕಂಪ್ಯೂಟರ್ ಶಿಕ್ಷಣಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲಿಗರಾದರು. 1969ರಲ್ಲಿ ಸಂಸ್ಥೆ ಸ್ಕೂಲ್ ಆಫ್ ಆಟೊಮೇಷನ್ ತೆರೆಯಿತು. ಅದೇ ಬೆಳೆದು ಇವತ್ತಿನ ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್ ವಿಭಾಗವಾಗಿದೆ. 1970ರ ದಶಕದಲ್ಲಿ ಅಲ್ಲಿಗೆ ಐಬಿಎಂ 360/44 ಯಂತ್ರ ಬಂತು. ಪ್ರೋಗ್ರಾಂ ಅಂದರೆ ಆಗ ಪಂಚ್ ಕಾರ್ಡುಗಳ ಕಟ್ಟು. ಅದನ್ನು ಕೌಂಟರಿನಲ್ಲಿ ಕೊಟ್ಟು, ಅಚ್ಚಾದ ಹಾಳೆಗಾಗಿ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೆ ಕಾರ್ಡು ತಿದ್ದಿ ಮತ್ತೆ ಸರದಿಗೆ ನಿಲ್ಲಬೇಕು. ಆದರೆ ಇದೆಲ್ಲ ಮುಖ್ಯವಾಗಿ ಎಂ.ಇ. ಮತ್ತು ಪಿಎಚ್.ಡಿ. ಮಟ್ಟದ ಕೆಲಸ. ಪಿಯುಸಿ ಮುಗಿಸಿದವರು ನೇರವಾಗಿ ಸೇರಬಹುದಾದ ಗಣಿತ ಮತ್ತು ಕಂಪ್ಯೂಟಿಂಗ್ ಬಿ.ಟೆಕ್. ಈ ಸಂಸ್ಥೆಯಲ್ಲಿ ಶುರುವಾದದ್ದು 2022ರಲ್ಲಿ.

ಹೋಲಿಕೆಗೆ ಕಾನ್ಪುರವನ್ನು ನೋಡಬೇಕು. ಅಲ್ಲಿನ ಐಐಟಿಗೆ 1963ರಲ್ಲಿ ಐಬಿಎಂ 1620 ಬಂತು. 1965ರಲ್ಲಿ, ಆಗ ಅಲ್ಲಿ ಅಧ್ಯಾಪಕರಾಗಿದ್ದ ರಾಜಾರಾಮನ್ ಮತ್ತು ಸಂಗಡಿಗರು ಎಂ.ಟೆಕ್. ಮಟ್ಟದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸತೊಡಗಿದರು. ಪಠ್ಯಪುಸ್ತಕ ಇರಲಿಲ್ಲವೆಂದು ತರಗತಿಯ ಟಿಪ್ಪಣಿಗಳನ್ನೇ ತಿದ್ದಿ 1969ರಲ್ಲಿ ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ಪುಸ್ತಕ ತಂದರು. ಬಿ.ಟೆಕ್. ತೆರೆದದ್ದು 1978ರಲ್ಲಿ, ಅದೂ 20 ವಿದ್ಯಾರ್ಥಿಗಳಿಗೆ. ಯಂತ್ರ ಬಂದು 15 ವರ್ಷವಾದ ಮೇಲೆ, ಪುಸ್ತಕ ಇದ್ದು, ಪಾಠ ಹೇಳುವವರು ತಯಾರಾದ ಮೇಲೆ ಪದವಿ ತರಗತಿ ಶುರುವಾಯಿತು.

ಕರ್ನಾಟಕದ ಬಿ.ಇ. ವಿಭಾಗಗಳಿಗೆ ಆ 15 ವರ್ಷ ಸಿಗಲಿಲ್ಲ.

1946ರ ಬಿಎಂಎಸ್, 1957ರ ಮಣಿಪಾಲ, 1963ರಲ್ಲಿ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಆರಂಭಿಸಿದ ತುಮಕೂರಿನ ಕಾಲೇಜು, ಇವೆಲ್ಲ ಇಲ್ಲಿ ಎಂಜಿನಿಯರಿಂಗ್ ಶಿಕ್ಷಣವನ್ನು ಮಠ, ಟ್ರಸ್ಟ್‌ಗಳ ಕೈಯಲ್ಲಿ ಬೆಳೆಸಿದ್ದವು. ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ 1980-83ರ ಅವಧಿಯಲ್ಲಿ ಖಾಸಗಿ ಕಾಲೇಜುಗಳಿಗೆ ಧಾರಾಳವಾಗಿ ಅನುಮತಿ ಸಿಕ್ಕಿತು. 1983ರಲ್ಲಿ ಇನ್ಫೊಸಿಸ್ ಬೆಂಗಳೂರಿಗೆ ಬಂತು. 1984ರಲ್ಲಿ ಕೇಂದ್ರದ ಹೊಸ ಕಂಪ್ಯೂಟರ್ ನೀತಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಆರ್.ವಿ. ಮತ್ತು ರಾಮಯ್ಯ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳು ಹುಟ್ಟಿದ್ದು ಸರಿಯಾಗಿ ಈ ನಡುವೆ, 1984ರಲ್ಲಿ. ಸಿದ್ಧಗಂಗಾದಲ್ಲೂ ಆ ದಶಕದಲ್ಲೇ ಈ ಬ್ರಾಂಚ್ ತೆರೆಯಿತು. ಡೊನೇಷನ್ ಹಾವಳಿ ಎಷ್ಟಿತ್ತೆಂದರೆ ಅದನ್ನು ತಡೆಯುವ ಕಾಯ್ದೆಯನ್ನೂ ರಾಜ್ಯ 1984ರಲ್ಲೇ ತರಬೇಕಾಯಿತು.

ಬ್ರಾಂಚ್ ತೆರೆದಾಯಿತು, ಪಾಠ ಹೇಳುವವರು ಯಾರು? ಕಂಪ್ಯೂಟರ್ ಸೈನ್ಸ್‌ನಲ್ಲೇ ಓದಿದ ಅಧ್ಯಾಪಕರು ಆಗ ದೇಶದಲ್ಲೇ ವಿರಳ. ಎಲೆಕ್ಟ್ರಾನಿಕ್ಸ್‌, ಎಲೆಕ್ಟ್ರಿಕಲ್‌, ಗಣಿತದ ಮೇಷ್ಟ್ರುಗಳು ಡೇಟಾ ಸ್ಟ್ರಕ್ಚರ್ಸ್ ಓದಿಕೊಂಡು ಪಾಠ ಮಾಡಿದರು. ಹೊರಬಿದ್ದ ಮೊದಲ ಬ್ಯಾಚುಗಳ ಹುಡುಗರೇ ಎಷ್ಟೋ ಕಡೆ ಮರುವರ್ಷ ಲೆಕ್ಚರರ್ ಆಗಿ ಅದೇ ಕಾರಿಡಾರಿಗೆ ಮರಳಿದರು. ಕಂಪನಿಯ ಸಂಬಳ ಎರಡು-ಮೂರು ಪಟ್ಟಾದಾಗ ಹೊರಟೂ ಹೋದರು. ಉಳಿದವರಿಗೆ ದಾರಿಯಾದದ್ದು 1970ರಲ್ಲಿ ಕೇಂದ್ರ ಶುರುಮಾಡಿದ ಅಧ್ಯಾಪಕರ ಗುಣಮಟ್ಟ ಸುಧಾರಣಾ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ‘ಕ್ಯೂಐಪಿ’. ಅದರಡಿ ರಜೆ ಪಡೆದು ವಿಜ್ಞಾನ ಸಂಸ್ಥೆಗೋ ಐಐಟಿಗೋ ಹೋಗಿ ಎಂ.ಇ., ಪಿಎಚ್.ಡಿ. ಮಾಡಿಬಂದವರು ವಿಭಾಗಗಳಿಗೆ ಬೆನ್ನೆಲುಬಾದರು. ಸಂಶೋಧನೆಯ ಮನೆಗೂ ಬಿ.ಇ. ಮನೆಗೂ ನಡುವೆ ಇದ್ದ ಒಂದೇ ಗಟ್ಟಿ ಸೇತುವೆ ಅದು. ಸೀಟುಗಳು ಏರಿದ ವೇಗಕ್ಕೆ ಅದು ಎಂದೂ ಸಾಲಲಿಲ್ಲ.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಬಹುಪಾಲು ಕಾಲೇಜುಗಳಿಗೆ ಒಂದೇ ಸಿಲೆಬಸ್, ಒಂದೇ ಪ್ರಶ್ನೆಪತ್ರಿಕೆ. ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ಕಾಲೇಜುಗಳು ಬೆಳಗಾವಿಯ ಈ ವಿಶ್ವವಿದ್ಯಾಲಯದ ಕೆಳಗೆ ಬಂದವು. ವಿದ್ಯಾರ್ಥಿಯ ಯುಎಸ್‌ಎನ್‌ ನಂಬರಿನಲ್ಲಿ ಈ ವ್ಯವಸ್ಥೆಯ ನಕ್ಷೆಯೇ ಅಡಗಿದೆ: ಮೊದಲ ಅಂಕಿ ಪ್ರಾದೇಶಿಕ ಕೇಂದ್ರ, ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ‘ಸಿಎಸ್’ ಎಂಬ ಬ್ರಾಂಚ್ ಗುರುತು, ಕೊನೆಗೆ ಕ್ರಮಸಂಖ್ಯೆ. ತುಮಕೂರಿನ ಸಿದ್ಧಗಂಗಾ ಕೂಡ ಬೆಂಗಳೂರು ಕೇಂದ್ರದ 1ರಿಂದಲೇ ಶುರುವಾಗುತ್ತದೆ. ಸಿಲೆಬಸ್ ಬದಲಾದಾಗಲೆಲ್ಲ ಹೊಸ ‘ಸ್ಕೀಮ್’. 2002, 2006, 2010, 2015, 2018, 2021, 2022 ಎಂದು ಅಧ್ಯಾಪಕರು ಬಾಯಿಪಾಠವಾಗಿ ಹೇಳುತ್ತಾರೆ. ಹಳೆ ಸ್ಕೀಮ್‌ನ ಬ್ಯಾಕ್‌ಲಾಗ್‌ ಉಳಿಸಿಕೊಂಡವರಿಗೂ ಹೊಸಬರಿಗೂ ಏಕಕಾಲಕ್ಕೆ ಪರೀಕ್ಷೆ ನಡೆಸುವುದು ವಿಭಾಗದ ಪಾಲಿಗೆ ಬಂದ ಕೆಲಸ.

ಸ್ಕೀಮ್‌ಗಳ ಸಾಲಿನಲ್ಲಿ ಹೆಚ್ಚು ಗಮನಕ್ಕೆ ಬಾರದ ದೊಡ್ಡ ಬದಲಾವಣೆ ಇಂಟರ್ನಲ್ಸ್‌ನದ್ದು. 2010ರ ಸ್ಕೀಮ್‌ನಲ್ಲಿ ಒಂದು ವಿಷಯದ 125 ಅಂಕಗಳಲ್ಲಿ ಕಾಲೇಜಿನ ಕೈಯಲ್ಲಿದ್ದದ್ದು 25. 2018ರಲ್ಲಿ ಅದು 100ಕ್ಕೆ 40 ಆಯಿತು, 2021ರಲ್ಲಿ 50. ಐದರಲ್ಲೊಂದು ಪಾಲಿದ್ದ ವಿಭಾಗದ ತೀರ್ಮಾನಕ್ಕೆ ಈಗ ಅರ್ಧ ತೂಕ. ಇಷ್ಟು ಅಧಿಕಾರ ಬಂದ ಮೇಲೆ ಒಬ್ಬ ಒಳ್ಳೆಯ ಅಧ್ಯಾಪಕ ಸಿಕ್ಕರೆ ಆಗುವ ಲಾಭವೂ, ಸಿಗದಿದ್ದರೆ ಆಗುವ ನಷ್ಟವೂ ಹೆಚ್ಚಿದೆ.

ಲ್ಯಾಬ್ ಪರೀಕ್ಷೆಯ ದಿನ ಇದು ಕಣ್ಣಿಗೇ ಕಾಣುತ್ತದೆ. ಹೊರಗಿನ ಕಾಲೇಜಿನ ಪರೀಕ್ಷಕರ ಮುಂದೆ ಚೀಟಿ ಎತ್ತಿ, ಬಂದ ಪ್ರೋಗ್ರಾಮನ್ನು ಮೊದಲು ಹಾಳೆಯ ಮೇಲೆ ಬರೆಯಬೇಕು. ಆಮೇಲೆ ಎಕ್ಸಿಕ್ಯೂಷನ್, ಕೊನೆಗೆ ವೈವಾ. ವರ್ಷವಿಡೀ ರೆಕಾರ್ಡ್ ಪುಸ್ತಕಕ್ಕೆ ಮ್ಯಾನ್ಯುಯಲ್ ನಕಲು ಮಾಡಿದವರೂ ಬರೆದುಬಿಡುತ್ತಾರೆ. ಇನ್‌ಪುಟ್ ಬದಲಿಸಿ ತೋರಿಸು ಎಂದಾಗಷ್ಟೇ ಕಲಿತವರು ಯಾರು, ಉರು ಹೊಡೆದವರು ಯಾರು ಎಂಬುದು ಹೊರಬೀಳುತ್ತದೆ. ವೈವಾದಲ್ಲಿ ಇನ್ನೊಂದು ತೊಡಕಿದೆ. ಪ್ರೋಗ್ರಾಂ ಓಡಿಸಿ ತೋರಿಸಿದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ವಿವರಿಸಲಾಗದೆ ಅಂಕ ಕಳೆದುಕೊಳ್ಳುತ್ತಾಳೆ.

ದಾಬಸ್‌ಪೇಟೆಯಂಥ ಊರಿಗೆ ಇದು ಸಣ್ಣ ಮಾತಲ್ಲ. ಸಿಇಟಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಗಾಡಿನಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಬಾಗಿಲು ದಾಟಿಸುವುದನ್ನು ಸರ್ಕಾರ ಮಾಡಿತು, ಒಳಗೆ ಕೈಹಿಡಿಯುವುದು ವಿಭಾಗಕ್ಕೆ ಬಿಟ್ಟದ್ದು. 2021ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್‌ಗೆ ಅವಕಾಶ ಕೊಟ್ಟಾಗ ಕರ್ನಾಟಕದಲ್ಲಿ ಭಾಲ್ಕಿಯ ಕಾಲೇಜೊಂದು ಮುಂದೆ ಬಂತು. ಇಡೀ ಪದವಿಯನ್ನೇ ಕನ್ನಡದಲ್ಲಿ ಮಾಡುವುದಕ್ಕೆ ಪುಸ್ತಕ, ಕೆಲಸ ಎರಡರ ಅಂಜಿಕೆಯೂ ಇದೆ. ಆದರೆ ಮೊದಲ ಎರಡು ಸೆಮಿಸ್ಟರಿನಲ್ಲಿ ‘ಸಿ’ ಭಾಷೆಯ ಪಾಯಿಂಟರ್‌ಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಲು, ವೈವಾದ ಉತ್ತರವನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಲು ಹೊಸ ಪುಸ್ತಕವೇನೂ ಬೇಕಿಲ್ಲ. ವಿಭಾಗದ ಒಂದು ಮೀಟಿಂಗ್ ಸಾಕು.

ಮೇಷ್ಟ್ರುಗಳ ಲೆಕ್ಕ ಮಾತ್ರ ಬಿಗಿಯಾಗುತ್ತಲೇ ಹೋಗಿದೆ. ಮೊದಲು 15 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕಿತ್ತು. ಎಐಸಿಟಿಇ 2018ರಲ್ಲಿ ಅದನ್ನು 20ಕ್ಕೆ ಏರಿಸಿತು. ವರ್ಷಕ್ಕೆ 60 ಸೀಟಿನ ವಿಭಾಗದಲ್ಲಿ ನಾಲ್ಕು ವರ್ಷಕ್ಕೆ 240 ವಿದ್ಯಾರ್ಥಿಗಳು. ಹಳೆ ನಿಯಮಕ್ಕೆ 16 ಅಧ್ಯಾಪಕರು ಬೇಕಿದ್ದಲ್ಲಿ ಹೊಸದಕ್ಕೆ 12 ಸಾಕು. 2024ರಿಂದ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮೇಲ್ಮಿತಿಯೂ ಹೋಯಿತು. ವರ್ಷಕ್ಕೆ 300 ಮಂದಿಯನ್ನು ತೆಗೆದುಕೊಂಡರೆ ಹೊಸ ನಿಯಮದಲ್ಲೇ 60 ಅಧ್ಯಾಪಕರು ಬೇಕು. ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ 1:2:6 ಇರಬೇಕೆಂಬ ನಿಯಮದಂತೆ ಅವರಲ್ಲಿ ಆರೇಳು ಮಂದಿ ಪ್ರೊಫೆಸರ್‌ಗಳು. ಬೆಂಗಳೂರಿನ ಕಾಲೇಜುಗಳು ಸಿವಿಲ್, ಮೆಕ್ಯಾನಿಕಲ್ ಸೀಟು ಇಳಿಸಿ ಕಂಪ್ಯೂಟರ್‌ ಸೀಟು ಏರಿಸುತ್ತಿರುವಾಗ ಇಷ್ಟು ಪಿಎಚ್.ಡಿ. ಪಡೆದವರನ್ನು ತರುವುದೆಲ್ಲಿಂದ? 1984ರ ಪ್ರಶ್ನೆಯೇ ಇನ್ನೂ ದೊಡ್ಡ ಗಾತ್ರದಲ್ಲಿ ಎದುರು ನಿಂತಿದೆ.

ದೇಶದ ಕಂಪ್ಯೂಟರ್ ಚರಿತ್ರೆಯನ್ನು ರಾಜಾರಾಮನ್ ಅವರೇ ಬರೆದಿಟ್ಟಿದ್ದಾರೆ, ಹಾಗಾಗಿ ಕಾನ್ಪುರದ ಕಥೆ ತಿಳಿಯುತ್ತದೆ. ನಮ್ಮ ಬಿ.ಇ. ವಿಭಾಗಗಳ ಕಥೆ ಇರುವುದು ಲ್ಯಾಬಿನ ಸ್ಟಾಕ್ ರಿಜಿಸ್ಟರ್, ಹಳೆಯ ಟೈಮ್‌ಟೇಬಲ್, ಮೊದಲ ಬ್ಯಾಚಿನ ಪ್ರಶ್ನೆಪತ್ರಿಕೆ, ಕ್ಯೂಐಪಿ ರಜೆಯ ಆದೇಶಗಳಲ್ಲಿ. 1984ರಲ್ಲಿ 25ರ ವಯಸ್ಸಿಗೆ ಕೆಲಸಕ್ಕೆ ಸೇರಿದ ಲೆಕ್ಚರರ್‌ಗಳು ಈಗಾಗಲೇ ನಿವೃತ್ತರು. ವಿಭಾಗಗಳು ಆ ಕಡತಗಳನ್ನು ರದ್ದಿಗೆ ಹಾಕುವ ಮುನ್ನ ಸ್ಕ್ಯಾನ್ ಮಾಡಿಸಬೇಕು, ಈ ಹಿರಿಯರ ಮಾತುಗಳನ್ನು ರೆಕಾರ್ಡ್ ಮಾಡಿಸಬೇಕು. ಕೊನೆಯ ವರ್ಷದ ಪ್ರಾಜೆಕ್ಟ್ ತಂಡವೊಂದಕ್ಕೆ ವಹಿಸಿದರೆ ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸ ಇದು.