ಶಾಲೆಯ ಬಾಗಿಲು ತೆರೆಯಬೇಕೆ?



ಸಾಂಕ್ರಾಮಿಕ ರೋಗದ ಕಾಲದಲ್ಲಿ ಶಾಲೆ ತೆರೆದಿರಬೇಕೆ ಎಂಬ ಚರ್ಚೆ 2020ರಲ್ಲಿ ಹುಟ್ಟಿದ್ದಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಹರಡಿದಾಗ ಅಮೆರಿಕದ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್ ಮತ್ತು ಷಿಕಾಗೋ ಮುಚ್ಚಲಿಲ್ಲ.

ನ್ಯೂಯಾರ್ಕಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಅವರ ವಾದ ಸರಳವಾಗಿತ್ತು. ನಗರದ ಸುಮಾರು 10 ಲಕ್ಷ ಮಕ್ಕಳಲ್ಲಿ ಮುಕ್ಕಾಲು ಪಾಲು ಇಕ್ಕಟ್ಟಿನ ವಠಾರಗಳಲ್ಲಿದ್ದರು. ಅವರಿಗೆ ಮನೆಗಿಂತ ಶಾಲೆಯೇ ಶುಚಿ. ಉಪಾಧ್ಯಾಯರು ದಿನವೂ ಮಕ್ಕಳನ್ನು ಪರೀಕ್ಷಿಸಿ, ಲಕ್ಷಣ ಕಂಡವರನ್ನು ಬೇರ್ಪಡಿಸುತ್ತಿದ್ದರು. ಆದರೂ ಟೀಕೆ ತಪ್ಪಲಿಲ್ಲ. ಷಿಕಾಗೋದಲ್ಲಿ ಭಯಗೊಂಡ ಅನೇಕ ತಂದೆತಾಯಂದಿರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು.

ಆ ಭಯಕ್ಕೂ ಆಧಾರವಿತ್ತು. 43 ನಗರಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವು, ಶಾಲೆ ಮುಚ್ಚುವುದೂ ಸೇರಿದಂತೆ ಹಲವು ನಿರ್ಬಂಧಗಳನ್ನು ಬೇಗನೆ ಹೇರಿ ದೀರ್ಘಕಾಲ ಪಾಲಿಸಿದ ಕಡೆ ಸಾವು ಕಡಿಮೆಯೆಂದು ತೋರಿಸಿತು. ನ್ಯೂಯಾರ್ಕ್ ಕೂಡ ರೋಗಿಗಳ ಪ್ರತ್ಯೇಕವಾಸ, ಅಂಗಡಿ-ಕಚೇರಿಗಳ ವೇಳೆಯ ಬದಲಾವಣೆಗಳನ್ನು ಜಾರಿಗೆ ತಂದಿತ್ತು.

ನಮ್ಮ ಕರ್ನಾಟಕದಲ್ಲಿ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳಿದ್ದಲ್ಲಿಗೇ ಪಾಠ ಒಯ್ದ ‘ವಿದ್ಯಾಗಮ’ ಅದೇ ಅಕ್ಟೋಬರಿನಲ್ಲಿ, ಸೋಂಕಿನ ಭೀತಿಯಿಂದ, ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮರಳಿದ್ದು 2021ರ ಅಕ್ಟೋಬರ್ 25ರಂದು. ಸ್ಮಾರ್ಟ್‌ಫೋನ್ ಇದ್ದ ಮನೆಗೆ ಅದು ಕಾಯಬಹುದಾದ ಕಾಲ. ಕೂಲಿಗೆ ಹೋಗುವ ತಾಯಿಗೆ ಮಗುವಿನ ಅಕ್ಷರವೂ ಬಿಸಿಯೂಟವೂ ಒಟ್ಟಿಗೆ ತಪ್ಪಿದ ಕಾಲ. ಇಬ್ಬರ ಅಂಜಿಕೆಯೂ ಮಗುವಿಗಾಗಿಯೇ ಇತ್ತು. ಮುಂದೆ ಇಂಥ ಪ್ರಶ್ನೆ ಎದುರಾದರೆ ಆ ತಾಯಿಯನ್ನೂ ಕೇಳಿ ತೀರ್ಮಾನಿಸಿರಿ.